ನಾಲ್ಕು ಕಿಟಕಿ ಶುಚಿ ಮಾಡಲು ಎಷ್ಟು ಕೇಳಬೇಕು?

ವಿಜಯನಗರದ ಹೊಸಬ

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಕಚೇರಿ ಕಟ್ಟಡದಲ್ಲಿ ಹೌಸ್‌ಕೀಪಿಂಗ್ ಕೆಲಸ ಮಾಡುತ್ತಿದ್ದೇನೆ. ಗಾಜು ಒರೆಸುವ ಕೆಲಸವನ್ನು ಅಲ್ಲೇ ಚೆನ್ನಾಗಿ ಕಲಿತೆ. ಈಗ ರಜೆಯ ದಿನಗಳಲ್ಲಿ ಮನೆಗಳಿಗೆ ಹೋಗಿ ಕಿಟಕಿ ಶುಚಿ ಮಾಡಿಕೊಡಲು ಶುರು ಮಾಡಿದ್ದೇನೆ. ಕೈಹಿಡಿದರೆ ಇದನ್ನೇ ಪೂರ್ತಿ ಉದ್ಯೋಗ ಮಾಡಿಕೊಳ್ಳುವ ಆಸೆಯಿದೆ.

ದೊಡ್ಡ ಮನೆಯ ಎಲ್ಲ ಕಿಟಕಿಗಳ ಕೆಲಸ ಬಂದರೆ ಒಂದು ಮೊತ್ತ ಹೇಳಲು ಕಷ್ಟವಾಗುವುದಿಲ್ಲ. ತಲೆನೋವಾಗಿರುವುದು ಸಣ್ಣ ಕೆಲಸಗಳು. ಮೊನ್ನೆ ಬನಶಂಕರಿಯಿಂದ ಒಬ್ಬರು ಫೋನ್ ಮಾಡಿ, "ನಾಲ್ಕೇ ಕಿಟಕಿ, ಎಷ್ಟು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿದರು. ಎಲ್ಲವೂ ಅಲ್ಯೂಮಿನಿಯಂ ಸ್ಲೈಡಿಂಗ್ ಕಿಟಕಿಗಳು, ಸೊಳ್ಳೆ ಜಾಲರಿ ಇದೆ, ಹೊರಗೆ ಗ್ರಿಲ್ ಇದೆ. ಕಿಟಕಿಗೆ 50 ರೂಪಾಯಿ ಎಂದರೆ ಒಟ್ಟು 200 ಬರುತ್ತದೆ. ಪೆಟ್ರೋಲು ಮತ್ತು ಹೋಗಿ ಬರುವ ಸಮಯ ಕಳೆದರೆ ಕೈಯಲ್ಲಿ ಏನೂ ಉಳಿಯುವುದಿಲ್ಲ. 150 ಎಂದರೆ 600 ಆಗುತ್ತದೆ, ಅವರು ಮತ್ತೆ ಫೋನ್ ಮಾಡುವುದೇ ಇಲ್ಲವೇನೋ ಎಂಬ ಭಯ.

ಕಿಟಕಿಗೆ ಇಷ್ಟು ಎನ್ನಬೇಕೇ, ಗಂಟೆಗೆ ಇಷ್ಟು ಎನ್ನಬೇಕೇ, ಚದರ ಅಡಿಯ ಲೆಕ್ಕ ಹಿಡಿಯಬೇಕೇ? ಈ ಕೆಲಸದಲ್ಲಿ ಇರುವವರು, ಮಾಡಿಸಿಕೊಳ್ಳುವವರು ಇಬ್ಬರೂ ಹೇಳಿದರೆ ಉಪಕಾರವಾಗುತ್ತದೆ.

ಏಣಿ ಮತ್ತು ಬಕೆಟ್

ತಮ್ಮಾ, ದರ ಹುಡುಕುವ ಮೊದಲು ದಿನದ ಲೆಕ್ಕ ಹಾಕು. ಒಂದು ಕಿಟಕಿಯಿಂದ ಲೆಕ್ಕ ಶುರು ಮಾಡಿದವರೆಲ್ಲ ಸಣ್ಣ ಕೆಲಸದಲ್ಲಿ ಸೋಲುತ್ತಾರೆ.

ದಿನಕ್ಕೆ ಕೈಗೆ 1,200 ರೂಪಾಯಿ ಉಳಿಯಬೇಕು ಎಂದುಕೊಳ್ಳೋಣ. ನಿನ್ನ ಅಗತ್ಯ ಹೆಚ್ಚೋ ಕಡಿಮೆಯೋ ಇದ್ದರೆ ಆ ಅಂಕಿ ಬದಲಿಸಿಕೊ, ದಾರಿ ಇದೇ. ಪೆಟ್ರೋಲು, ಗಾಡಿಯ ಸವಕಳಿ, ಮೈಕ್ರೋಫೈಬರ್ ಬಟ್ಟೆ, ವೈಪರಿನ ರಬ್ಬರು, ಸೋಪು, ಫೋನು ಎಲ್ಲ ಸೇರಿ ದಿನಕ್ಕೆ 250 ಹಿಡಿ. ಒಟ್ಟು 1,450 ದುಡಿಯಬೇಕು.

ಈಗ ದಿನಕ್ಕೆ ಎಷ್ಟು ಮನೆ ಮುಗಿಸಬಹುದು ನೋಡು. ಎಂಟು ಗಂಟೆಯ ದಿನ. ಬೆಂಗಳೂರಿನ ವಾಹನ ದಟ್ಟಣೆ, ಗೇಟಿನಲ್ಲಿ ಹೆಸರು ಬರೆಸುವುದು, ಮನೆಯವರು ಪರದೆ ಸರಿಸಿ ಸೋಫಾ ಜರುಗಿಸುವವರೆಗೆ ಕಾಯುವುದು, ನೀರು ತುಂಬಿಸಿಕೊಳ್ಳುವುದು ಎಲ್ಲ ಸೇರಿ ಮನೆಗೆ ಒಂದು ಗಂಟೆ ಹೋಗುತ್ತದೆ. ಮೂರು ಮನೆ ಎಂದರೆ ಮೂರು ಗಂಟೆ ಹೋಯಿತು, ಗಾಜಿನ ಮೇಲೆ ಕೈಯಿಡಲು ಐದು ಗಂಟೆ ಉಳಿಯಿತು. ಸಣ್ಣ ಕೆಲಸಗಳೇ ಆದರೂ ಬೇರೆ ಬೇರೆ ಬಡಾವಣೆಗಳಲ್ಲಿ ಇದ್ದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಮನೆ ಆಗುವುದಿಲ್ಲ. 1,450ನ್ನು ಮೂರರಿಂದ ಭಾಗಿಸಿದರೆ ಮನೆಗೆ 483. ಹಾಗಾಗಿ ನಿನ್ನ ಕನಿಷ್ಠ ದರ 500 ರೂಪಾಯಿ. ಒಂದು ಕಿಟಕಿ ಇದ್ದರೂ 500, ನಾಲ್ಕಿದ್ದರೂ 500.

ಆ 500ಕ್ಕೆ ಸರಿಸುಮಾರು ಒಂದು ಗಂಟೆ ನಲವತ್ತು ನಿಮಿಷದ ಕೆಲಸ ಸಿಗುತ್ತದೆ. ಜಾಲರಿ ಇರುವ ಸ್ಲೈಡಿಂಗ್ ಕಿಟಕಿಗೆ ಒಳಹೊರಗೆ ಸೇರಿ ಇಪ್ಪತ್ತು ನಿಮಿಷ ಎಂದರೆ ಐದು ಕಿಟಕಿ. ಆರನೆಯದರಿಂದ ಕಿಟಕಿಗೆ 100 ಸೇರಿಸು. ಬನಶಂಕರಿಯವರಿಗೆ ಹೇಳಬೇಕಾದದ್ದು ಇಷ್ಟೇ: "ಮನೆಗೆ ಬರಲು ಕನಿಷ್ಠ 500 ರೂಪಾಯಿ, ಅದರಲ್ಲಿ ಐದು ಕಿಟಕಿಯವರೆಗೆ ಮಾಡಿಕೊಡುತ್ತೇನೆ." ನಾಲ್ಕು ಇದ್ದವರು ಐದನೆಯದನ್ನು ತಾವೇ ಹುಡುಕಿ ತೋರಿಸುತ್ತಾರೆ, ಅವರಿಗೂ ಸಮಾಧಾನವಾಗುತ್ತದೆ.

ಜಯನಗರ ನಿವಾಸಿ

ಮಾಡಿಸಿಕೊಳ್ಳುವವರೂ ಹೇಳಿ ಎಂದಿರುವುದರಿಂದ ನೇರವಾಗಿ ಬರೆಯುತ್ತಿದ್ದೇನೆ. ನಾಲ್ಕು ಕಿಟಕಿಗೆ 500 ನನಗೆ ಹೆಚ್ಚು ಅನಿಸುತ್ತದೆ. ನಮ್ಮ ಮನೆಗೆಲಸದವರು ಹಬ್ಬದ ಹಿಂದಿನ ವಾರ ತಿಂಗಳ ಸಂಬಳದಲ್ಲೇ ಎಲ್ಲ ಕಿಟಕಿಗಳನ್ನು ಒರೆಸಿಕೊಡುತ್ತಾರೆ. ಹೊರಗಿನವರನ್ನು ಕರೆಸಿದರೆ ಒಬ್ಬರು ಮನೆಯಲ್ಲೇ ಇರಬೇಕು, ಸಾಮಾನು ಸರಿಸಿಕೊಡಬೇಕು. ನಮ್ಮ ಸಮಯವೂ ಹೋಗುತ್ತದೆ. ಗೊತ್ತಿಲ್ಲದವರು "ಬರುವುದಕ್ಕೇ 500" ಎಂದಾಗ ಸುಲಿಗೆ ಎಂಬ ಭಾವನೆ ಬರುವುದು ಸಹಜ. ಕೆಲಸ ನೋಡಿದ ಮೇಲೆ ಕೊಡಲು ನನಗೆ ಬೇಸರವಿಲ್ಲ. ನೋಡುವ ಮೊದಲೇ ಇಷ್ಟು ಎಂದು ಒಪ್ಪಿಕೊಳ್ಳುವುದು ಕಷ್ಟ.

ಇಬ್ಬರು ಅಕ್ಕಂದಿರು, ಯಶವಂತಪುರ

ಮೇಡಂ, ನಾನು ಮೊದಲು ಮನೆಗೆಲಸ ಮಾಡುತ್ತಿದ್ದವಳು. ಸಂಬಳದಲ್ಲೇ ಕಿಟಕಿ ಒರೆಸುತ್ತಾರೆ ಎಂದಿರಿ. ಪಾತ್ರೆ, ಕಸ, ನೆಲ ಎಂದು ಮಾತಾಡಿಕೊಂಡ ಸಂಬಳಕ್ಕೆ ಹಬ್ಬ ಬಂದಾಗ ಕಿಟಕಿ, ಫ್ಯಾನು, ಅಟ್ಟ ಸೇರಿಕೊಳ್ಳುತ್ತವೆ. ಬೇಡ ಎಂದರೆ ಕೆಲಸ ಹೋಗುತ್ತದೆ ಎಂದು ಮಾಡುತ್ತೇವೆ. ಅದನ್ನು ಕಿಟಕಿ ಶುಚಿ ಮಾಡುವುದರ ಬೆಲೆ ಎಂದು ಎಣಿಸಬೇಡಿ, ದಯವಿಟ್ಟು. ಸೀರೆಯುಟ್ಟು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ನಿಂತು, ಒಂದು ಕೈಯಲ್ಲಿ ಗ್ರಿಲ್ ಹಿಡಿದು ಇನ್ನೊಂದು ಕೈಯನ್ನು ಹೊರಗೆ ಚಾಚಿ ಒರೆಸುವ ಹೆಂಗಸರನ್ನು ಯಾವ ಬೀದಿಯಲ್ಲಾದರೂ ನೋಡಬಹುದು. ಬಿದ್ದರೆ ಆಸ್ಪತ್ರೆಯ ಖರ್ಚು ಯಾರದು ಎಂದು ಮೊದಲೇ ಮಾತಾಡಿಕೊಂಡ ಮನೆಯನ್ನು ನಾನು ಕಂಡಿಲ್ಲ.

ಈಗ ನಾನು ಮತ್ತು ನನ್ನ ತಂಗಿ ಇಬ್ಬರೇ ಕಿಟಕಿ ಕೆಲಸ ಹಿಡಿಯುತ್ತೇವೆ. ಇಬ್ಬರು ಹೋಗುವುದರಿಂದ ಕೆಲಸ ಅರ್ಧ ಸಮಯಕ್ಕೆ ಮುಗಿಯುತ್ತದೆ, ದಿನಕ್ಕೆ ನಾಲ್ಕು ಮನೆ ಆಗುತ್ತದೆ. ನಮ್ಮ ಕನಿಷ್ಠ ದರ 700. ವಯಸ್ಸಾದ ಹೆಂಗಸರು ಒಬ್ಬರೇ ಇರುವ ಮನೆಗಳವರು ನಮ್ಮನ್ನೇ ಕೇಳಿ ಕರೆಯುತ್ತಾರೆ. ದರ ಕೇಳಿ ಫೋನ್ ಇಟ್ಟವರೂ ಇದ್ದಾರೆ. ಅವರ ಮನೆಗೆ 200ಕ್ಕೆ ಹೋಗಿದ್ದರೆ ಆ ದಿನ ಇನ್ನೊಂದು ಸರಿಯಾದ ಮನೆಗೆ ಹೋಗಲು ಆಗುತ್ತಿರಲಿಲ್ಲ.

ಹೊಸಬರಿಗೆ ಒಂದು ಮಾತು: ದರ ಹೇಳುವಾಗ ಕ್ಷಮೆ ಕೇಳುವ ಧ್ವನಿಯಲ್ಲಿ ಹೇಳಬೇಡ. "ಏನೋ ಒಂದು ಕೊಡಿ ಸರ್, ನಿಮಗೆ ತಿಳಿದಷ್ಟು" ಎಂದು ಮಾತ್ರ ಯಾವತ್ತೂ ಹೇಳಬೇಡ. ಹಾಗೆ ಹೇಳಿದ ಮೇಲೆ ಅವರು ನೂರು ಕೊಟ್ಟರೆ ತಪ್ಪು ಅವರದಲ್ಲ.

ನಿವೃತ್ತ ಎಂಜಿನಿಯರ್, ಮೈಸೂರು

ಇಷ್ಟೆಲ್ಲ ಗೊಂದಲ ಏಕೆ? ಬಣ್ಣ ಬಳಿಯುವವರು, ಟೈಲ್ಸ್ ಹಾಕುವವರು ಚದರ ಅಡಿಗೆ ಇಷ್ಟು ಎನ್ನುತ್ತಾರೆ. ನಾಲ್ಕು ಅಡಿಗೆ ನಾಲ್ಕು ಅಡಿ ಕಿಟಕಿ ಎಂದರೆ 16 ಚದರ ಅಡಿ, ಎರಡು ಬದಿ ಸೇರಿ 32. ಅಡಿಗೆ 4 ರೂಪಾಯಿ ಹಿಡಿದರೆ 128. ಯಾರು ಬೇಕಾದರೂ ಟೇಪು ಹಿಡಿದು ಪರೀಕ್ಷಿಸಬಹುದು, ಚೌಕಾಸಿಗೆ ಎಡೆಯೇ ಇಲ್ಲ. ಅಳತೆಯಿಲ್ಲದ ದರದಲ್ಲಿ ಯಾವಾಗಲೂ ಅನುಮಾನ ಉಳಿಯುತ್ತದೆ.

ಏಣಿ ಮತ್ತು ಬಕೆಟ್

ಸರ್, ಗೋಡೆಗೆ ಚದರ ಅಡಿ ಸರಿ, ಏಕೆಂದರೆ ಒಂದು ಅಡಿ ಗೋಡೆ ಇನ್ನೊಂದು ಅಡಿ ಗೋಡೆಯಂತೆಯೇ ಇರುತ್ತದೆ. ಕಿಟಕಿ ಹಾಗಿಲ್ಲ. ಬಚ್ಚಲುಮನೆಯ ಲೂವರ್ ಕಿಟಕಿಯನ್ನೇ ತೆಗೆದುಕೊಳ್ಳಿ. ಎರಡು ಅಡಿ ಎತ್ತರ, ಒಂದೂವರೆ ಅಡಿ ಅಗಲ, ಒಟ್ಟು ಮೂರು ಚದರ ಅಡಿ. ಆರು ಗಾಜಿನ ಪಟ್ಟಿಗಳಿದ್ದರೆ ಒರೆಸಬೇಕಾದ ಮುಖ ಹನ್ನೆರಡು. ಅವನ್ನು ಕ್ಲಿಪ್ಪಿನಿಂದ ಒಂದೊಂದಾಗಿ ಹುಷಾರಾಗಿ ಬಿಡಿಸಬೇಕು, ಅಂಚು ಕೈ ಕೊಯ್ಯುತ್ತದೆ, ಮೇಲೆ ಸೋಪಿನ ಜಿಡ್ಡು ಕೂತಿರುತ್ತದೆ. ಅದಕ್ಕೆ ಹಿಡಿಯುವ ಸಮಯದಲ್ಲಿ ನಡುಮನೆಯ ದೊಡ್ಡ ಗಾಜು ಎರಡು ಸಲ ಒರೆಸಬಹುದು. ನಿಮ್ಮ ಲೆಕ್ಕದಲ್ಲಿ ಅದಕ್ಕೆ 24 ರೂಪಾಯಿ.

ಬಸವನಗುಡಿ, ಚಾಮರಾಜಪೇಟೆ, ನಿಮ್ಮ ಮೈಸೂರಿನ ಹಳೆಯ ಮನೆಗಳಲ್ಲಿ ಮರದ ಕಿಟಕಿಗಳಿವೆ. ಒಂದು ರೆಕ್ಕೆಯಲ್ಲಿ ಮೂರು ನಾಲ್ಕು ಪುಟ್ಟ ಗಾಜುಗಳು, ಪ್ರತಿಯೊಂದಕ್ಕೂ ನಾಲ್ಕು ಮೂಲೆ. ದೂಳು ಕೂರುವುದೇ ಮೂಲೆಯಲ್ಲಿ. ಗಾಜು ಹಿಡಿದಿರುವ ಪುಟ್ಟಿ ಒಣಗಿ ಉದುರುತ್ತಿದ್ದರೆ ಒತ್ತಿ ಒರೆಸುವ ಹಾಗೂ ಇಲ್ಲ.

ಸ್ಲೈಡಿಂಗ್ ಕಿಟಕಿಯಲ್ಲೂ ಗಾಜು ಸುಲಭದ ಭಾಗ. ಕೆಳಗಿನ ಟ್ರ್ಯಾಕಿನಲ್ಲಿ ವರ್ಷಗಟ್ಟಲೆ ಕೂತ ಮಣ್ಣು, ಪಾರಿವಾಳದ ಗರಿ, ಸತ್ತ ಹುಳು, ಮಳೆನೀರು ಸೇರಿ ಕೆಸರಾಗಿ ಗಟ್ಟಿಯಾಗಿರುತ್ತದೆ. ನೀರು ಹೊರಹೋಗುವ ಸಣ್ಣ ತೂತುಗಳು ಮುಚ್ಚಿಹೋಗಿರುತ್ತವೆ. ಅದನ್ನು ಬ್ರಷ್‌ನಿಂದ ಕೆದಕಿ ತೆಗೆಯಲು ಅರ್ಧ ಗಂಟೆಯೂ ಬೇಕಾಗಬಹುದು. ಜಾಲರಿಯ ದೂಳು ತೊಳೆಯದೆ ಗಾಜು ಮಾತ್ರ ಒರೆಸಿದರೆ ಮೊದಲ ಗಾಳಿಗೆ ಅದೇ ದೂಳು ಗಾಜಿನ ಮೇಲೆ ಬರುತ್ತದೆ, ಬೈಗುಳ ನಮಗೆ.

ಅದಕ್ಕೇ ನಾನು ಫೋಟೋ ಕೇಳುತ್ತೇನೆ. ವಾಟ್ಸ್‌ಆ್ಯಪ್‌ನಲ್ಲಿ ಪ್ರತಿ ಕಿಟಕಿಯದು ಎರಡು ಚಿತ್ರ: ಒಂದು ದೂರದಿಂದ, ಒಂದು ಟ್ರ್ಯಾಕಿನದು ಹತ್ತಿರದಿಂದ. ಜಯನಗರದವರು ಹೇಳಿದ ಅನುಮಾನಕ್ಕೂ ಉತ್ತರ ಇದರಲ್ಲೇ ಇದೆ. ಚಿತ್ರ ನೋಡಿ ಹೇಳಿದ ಮೊತ್ತವನ್ನು ಮನೆ ತಲುಪಿದ ಮೇಲೆ ಹೆಚ್ಚಿಸಬಾರದು. ಚಿತ್ರದಲ್ಲಿ ಇಲ್ಲದ್ದು ಏನಾದರೂ ಕಂಡರೆ ಬಟ್ಟೆ ಒದ್ದೆ ಮಾಡುವ ಮೊದಲೇ ಹೇಳಬೇಕು.

ಜಯನಗರ ನಿವಾಸಿ

ಫೋಟೋ ನೋಡಿ ಮೊತ್ತ ಹೇಳಿ ಅದಕ್ಕೇ ನಿಲ್ಲುವುದಾದರೆ ನನ್ನ ತಕರಾರಿನ ದೊಡ್ಡ ಭಾಗ ಹೋಯಿತು. ಯಶವಂತಪುರದ ಅಕ್ಕ ಸ್ಟೂಲಿನ ಬಗ್ಗೆ ಬರೆದದ್ದನ್ನು ಓದಿ ಸುಮ್ಮನೆ ಕುಳಿತೆ. ಈ ಸಲ ನಮ್ಮ ಮನೆಗೆಲಸದವರಿಗೆ ಹೊರಭಾಗ ಒರೆಸಲು ಹೇಳುವುದಿಲ್ಲ, ಒಳಭಾಗ ಒರೆಸಿದರೂ ಬೇರೆ ಹಣ ಕೊಡುತ್ತೇನೆ. ಒಂದು ಪ್ರಶ್ನೆ: ನಮ್ಮ ಗಾಜಿನ ಮೇಲೆ ಬಿಳಿ ಬಿಳಿ ಚುಕ್ಕೆಗಳಿವೆ, ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅದೂ ಈ 500ರಲ್ಲಿ ಸೇರುತ್ತದೆಯೇ?

ಏಣಿ ಮತ್ತು ಬಕೆಟ್

ಸೇರುವುದಿಲ್ಲ ಮೇಡಂ. ಹೊಸಬರು ಮೊದಲು ಗುರುತಿಸಲು ಕಲಿಯಬೇಕಾದದ್ದೂ ಇದನ್ನೇ.

ಅದು ಗಡಸು ನೀರಿನ ಕಲೆ. ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಗಿಡಕ್ಕೆ ಹಾಕಿದ ನೀರು, ಮೇಲಿನ ಬಾಲ್ಕನಿ ತೊಳೆದ ನೀರು ಗಾಜಿಗೆ ಸಿಡಿದು ಬಿಸಿಲಿಗೆ ಒಣಗಿದಾಗ ನೀರು ಹೋಗಿ ಲವಣ ಉಳಿಯುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಸಿಗದಿದ್ದರೆ 600ರವರೆಗೆ ಆಗಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಆ ಮೇಲಿನ ಮಿತಿಯ ಆಸುಪಾಸಿನ ನೀರು ಬಿದ್ದ ಗಾಜಿನಲ್ಲಿ ಚುಕ್ಕೆ ಬೇಗ ಕಟ್ಟುತ್ತದೆ. ಕಾವೇರಿ ನೀರು ಮಾತ್ರ ಬರುವ ಮನೆಗಳಲ್ಲಿ ಈ ಗೋಳು ಕಡಿಮೆ.

ಹೊಸ ಕಲೆಯಾದರೆ ಬಿಳಿ ವಿನೆಗರ್ ಅಥವಾ ನೀರಿನಲ್ಲಿ ಕರಗಿಸಿದ ನಿಂಬೆ ಉಪ್ಪು ಸಾಕು. ಹಚ್ಚಿ ಹತ್ತು ನಿಮಿಷ ಬಿಟ್ಟು ತಿಕ್ಕಿದರೆ ಬಿಡುತ್ತದೆ. ಆದರೆ ಕಿಟಕಿಯ ಕೆಳಗಿನ ಕಲ್ಲು ಯಾವುದು ನೋಡಬೇಕು. ಗ್ರಾನೈಟ್ ಆದರೆ ಅಷ್ಟು ಭಯವಿಲ್ಲ. ಕಡಪ ಕಲ್ಲು ಅಥವಾ ಅಮೃತಶಿಲೆ ಆಗಿದ್ದರೆ ಹುಳಿ ಬಿದ್ದಲ್ಲಿ ಹೊಳಪು ಹೋಗುತ್ತದೆ, ಒರೆಸಿದರೆ ಅದು ಮತ್ತೆ ಬರುವುದಿಲ್ಲ. ಒಣ ಬಟ್ಟೆ ಹಾಸಿಕೊಂಡೇ ಕೆಲಸ ಮಾಡಬೇಕು. ಬಚ್ಚಲು ತೊಳೆಯುವ ಆ್ಯಸಿಡ್ ಅನ್ನು ಕಿಟಕಿಯ ಹತ್ತಿರ ತರಲೇಬಾರದು. ಅಲ್ಯೂಮಿನಿಯಂ ಚೌಕಟ್ಟನ್ನು ತಿನ್ನುತ್ತದೆ. ಬ್ಲೀಚಿಂಗ್ ಜೊತೆ ಸೇರಿದರೆ ಕ್ಲೋರಿನ್ ಅನಿಲ ಬರುತ್ತದೆ, ಮುಚ್ಚಿದ ಕೋಣೆಯಲ್ಲಿ ಅದು ಪ್ರಾಣಾಪಾಯ.

ವರ್ಷಗಳ ಹಳೆಯ ಕಲೆಯಾದರೆ ಗಾಜಿನ ಮೇಲ್ಮೈಯೇ ಕೆಟ್ಟಿರುತ್ತದೆ. ಸೀರಿಯಂ ಆಕ್ಸೈಡ್ ಪುಡಿ ಹಾಕಿ ಯಂತ್ರದಲ್ಲಿ ಪಾಲಿಶ್ ಮಾಡಬೇಕು, ಅದು ಬೇರೆಯೇ ಕೆಲಸ. ನಾನು ಮೂಲೆಯಲ್ಲಿ ಅಂಗೈಯಗಲ ಜಾಗ ಮಾಡಿ ತೋರಿಸುತ್ತೇನೆ. ಅಲ್ಲಿ ಹೋದರೆ ಉಳಿದದ್ದಕ್ಕೆ ಕಿಟಕಿಗೆ 150 ಹೆಚ್ಚುವರಿ ಎನ್ನುತ್ತೇನೆ. ಹೋಗದಿದ್ದರೆ ಹೋಗುವುದಿಲ್ಲ ಎಂದೇ ಹೇಳಿ ಬಿಡುತ್ತೇನೆ.

ಗೃಹಪ್ರವೇಶದ ಮನೆಗಳ ಸಿಮೆಂಟು, ಬಣ್ಣದ ಕಲೆಗೂ ಇದೇ ಮಾತು. ಬ್ಲೇಡು ಹಾಕಿ ಕೆರೆಯಿರಿ ಎಂದು ಮೇಸ್ತ್ರಿ ಹೇಳುತ್ತಾನೆ. ಟಫನ್ಡ್ ಗಾಜಿನ (ಕಾಯಿಸಿ ಗಟ್ಟಿ ಮಾಡಿದ ಗಾಜು) ಮೇಲೆ ಕೆಲವೊಮ್ಮೆ ತಯಾರಿಕೆಯಲ್ಲೇ ಕಣ್ಣಿಗೆ ಕಾಣದ ಗಾಜಿನ ಕಣಗಳು ಅಂಟಿರುತ್ತವೆ. ಬ್ಲೇಡು ಅವನ್ನು ಎಳೆದಾಗ ಉದ್ದಕ್ಕೂ ಗೀರು ಬೀಳುತ್ತದೆ. 500 ರೂಪಾಯಿ ಕೆಲಸಕ್ಕೆ ಸಾವಿರಾರು ರೂಪಾಯಿಯ ಗಾಜು ಕಟ್ಟಿಕೊಡಬೇಕಾಗುತ್ತದೆ. ಮನೆಯವರು ಲಿಖಿತವಾಗಿ ಒಪ್ಪದೆ ಬ್ಲೇಡು ಮುಟ್ಟಬೇಡ.

ಕರಾವಳಿ ಕಿಟಕಿ, ಮಂಗಳೂರು

ನಮ್ಮಲ್ಲಿ ದೂಳಿಗಿಂತ ಪಾಚಿ ದೊಡ್ಡದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ಕಿಟಕಿಯ ರಬ್ಬರಿನ ಅಂಚಿನಲ್ಲಿ ಕಪ್ಪು ಬೂಷ್ಟು, ಚೌಕಟ್ಟಿನಲ್ಲಿ ಹಸಿರು. ಕಡಲಿನ ಹತ್ತಿರದ ಮನೆಗಳಲ್ಲಿ ಉಪ್ಪಿನ ಪೊರೆ ಬೇರೆ. ಉಪ್ಪನ್ನು ಒಣ ಬಟ್ಟೆಯಲ್ಲಿ ಒರೆಸಿದರೆ ಗೀರಾಗುತ್ತದೆ, ಮೊದಲು ಧಾರಾಳ ನೀರು ಹಾಕಿ ತೊಳೆಯಬೇಕು. ನಾವು ಅಕ್ಟೋಬರ್‌ನ ಕೆಲಸಕ್ಕೂ ಮಾರ್ಚ್‌ನ ಕೆಲಸಕ್ಕೂ ಬೇರೆ ದರ ಹೇಳುತ್ತೇವೆ. ಮಳೆ ಮುಗಿದ ಮೊದಲ ಸಲಕ್ಕೆ ಒಂದೂವರೆ ಪಟ್ಟು ಸಮಯ ಬೇಕು, ಅದಕ್ಕೆ ತಕ್ಕ ಹಣ. ಗಿರಾಕಿಗಳಿಗೆ ಕಣ್ಣಿಗೇ ಕಾಣುವುದರಿಂದ ಚೌಕಾಸಿ ಕಡಿಮೆ.

ದೂರದ ಕನ್ನಡಿಗ, ಲೀಡ್ಸ್

ಇಂಗ್ಲೆಂಡಿನಲ್ಲಿ ಈ ಕೆಲಸ ಹೇಗೆ ನಡೆಯುತ್ತದೆ ಎಂದು ದಿನವೂ ನೋಡುವವನು ನಾನು, ಹಾಗಾಗಿ ಬರೆಯುತ್ತಿದ್ದೇನೆ. ಇಲ್ಲಿನ ಕಿಟಕಿ ಕೆಲಸದವರು ಒಂದು ಬೀದಿಯನ್ನೇ ಹಿಡಿಯುತ್ತಾರೆ. ನಾಲ್ಕು ವಾರಕ್ಕೊಮ್ಮೆ ಅಥವಾ ಎಂಟು ವಾರಕ್ಕೊಮ್ಮೆ ಅದೇ ಬೀದಿಗೆ ಬಂದು, ಸಾಲಾಗಿ ಮನೆಗಳನ್ನು ಮುಗಿಸಿಕೊಂಡು ಹೋಗುತ್ತಾರೆ. ಪ್ರತಿ ಮನೆಯಿಂದ ಬರುವುದು ಸಣ್ಣ ಮೊತ್ತವೇ. ಒಂದು ಮನೆಯಿಂದ ಇನ್ನೊಂದಕ್ಕೆ ಹೋಗಲು ಹತ್ತು ಹೆಜ್ಜೆ ಸಾಕಾದ್ದರಿಂದ ಅವರಿಗೆ ಅದು ಗಿಟ್ಟುತ್ತದೆ. ಮೊದಲ ಸಲ ದರ ಹೆಚ್ಚು, ಆಮೇಲೆ ಕಡಿಮೆ, ಏಕೆಂದರೆ ಕೊಳೆ ಕೂರಲು ಬಿಡುವುದೇ ಇಲ್ಲ.

ಇಲ್ಲಿ ಹೆಚ್ಚಿನವರು ಹೊರಭಾಗ ಮಾತ್ರ ಮಾಡುತ್ತಾರೆ. ಉದ್ದನೆಯ ಹಗುರ ಕಂಬದ ತುದಿಯಲ್ಲಿ ಬ್ರಷ್, ಅದರೊಳಗಿಂದ ಲವಣ ತೆಗೆದ ಶುದ್ಧ ನೀರು. ಒರೆಸದೆ ಬಿಟ್ಟರೂ ಚುಕ್ಕೆಯಿಲ್ಲದೆ ಒಣಗುತ್ತದೆ. ನೆಲದ ಮೇಲೆ ನಿಂತೇ ಎರಡನೆಯ ಮಹಡಿಯ ಕೆಲಸ ಮುಗಿಯುತ್ತದೆ. ಎತ್ತರದ ಕೆಲಸಕ್ಕೆ 2005ರ ನಿಯಮಗಳಿವೆ. ಎತ್ತರಕ್ಕೆ ಏರದೆ ಮಾಡಬಹುದಾದರೆ ಏರಬಾರದು ಎಂಬುದು ಅವುಗಳ ಮೊದಲ ಮಾತು. ಸ್ಕಾಟ್ಲೆಂಡಿನ ಹಲವು ಕಡೆಯಂತೂ ಕಿಟಕಿ ಶುಚಿ ಮಾಡುವವರು ಸ್ಥಳೀಯ ಆಡಳಿತದಿಂದ ಪರವಾನಗಿ ಪಡೆಯಬೇಕು. ನಮ್ಮ ಊರಿನ ಮನೆಗಳಿಗೆ ಗ್ರಿಲ್, ಜಾಲರಿ ಇರುವುದರಿಂದ ಕಂಬದ ವಿಧಾನ ಹಾಗೇ ಒಗ್ಗದು. ಬೀದಿ ಹಿಡಿಯುವ ವಿಧಾನ ಮಾತ್ರ ಖಂಡಿತ ಒಗ್ಗುತ್ತದೆ.

ಅಪಾರ್ಟ್‌ಮೆಂಟ್ ಸಮಿತಿ ಸದಸ್ಯ, ವೈಟ್‌ಫೀಲ್ಡ್

ಅಪಾರ್ಟ್‌ಮೆಂಟ್‌ಗಳಲ್ಲಿ ಇದು ಇನ್ನೂ ಸುಲಭ. ನಮ್ಮಲ್ಲಿ ಒಬ್ಬರು ಕಿಟಕಿ ಕೆಲಸದವರನ್ನು ಕರೆಸಿದಾಗ ಗುಂಪಿನಲ್ಲಿ ಸಂದೇಶ ಹಾಕುತ್ತಾರೆ, ಅದೇ ದಿನಕ್ಕೆ ಇನ್ನು ಕೆಲವರು ಸೇರಿಕೊಳ್ಳುತ್ತಾರೆ. ಆಗ ದರ ಇಳಿಸಿ ಎಂದು ಕೇಳುವುದು ನ್ಯಾಯವೇ ಎಂದು ತಿಳಿಯಬೇಕು. ಇನ್ನೊಂದು, ನಾವು ಸಮಿತಿಯಿಂದ ಮೂರನೆಯ ಮಹಡಿಯ ಮೇಲೆ ಕಿಟಕಿಯಿಂದ ಹೊರಗೆ ಇಳಿಯುವುದನ್ನು ನಿಷೇಧಿಸಿದ್ದೇವೆ. ಆದರೂ ಕೆಲವು ನಿವಾಸಿಗಳು ಇನ್ನೂರು ಮುನ್ನೂರು ಹೆಚ್ಚು ಕೊಡುತ್ತೇವೆ, ಸಜ್ಜಾ ಮೇಲೆ ನಿಂತು ಒರೆಸಿ ಎನ್ನುತ್ತಾರೆ.

ಏಣಿ ಮತ್ತು ಬಕೆಟ್

ಅದೇ ಗೇಟು, ಅದೇ ದಿನ, ಐದು ಮನೆ ಆದರೆ ಇಳಿಸುವುದು ನ್ಯಾಯವೇ. ನಾಲ್ಕು ಕಿಟಕಿಯ ಮನೆಗೆ 80 ನಿಮಿಷ, ಐದಕ್ಕೆ 6 ಗಂಟೆ 40 ನಿಮಿಷ, ಹೋಗಿ ಬರಲು ಒಂದೇ ಸಲ ಒಂದು ಗಂಟೆ. ದಿನದೊಳಗೆ ಮುಗಿಯುತ್ತದೆ. ಮನೆಗೆ 350 ಹೇಳಿದರೂ 1,750 ಆಗುತ್ತದೆ, ನನಗೂ ಲಾಭ, ಅವರಿಗೂ 150 ಉಳಿತಾಯ. ಆದರೆ ಐದು ಮನೆ ಎಂದು ಕರೆದು ಹೋದ ಮೇಲೆ ಎರಡೇ ಮನೆ ಸಿದ್ಧವಿದ್ದರೆ ಆ ದರ ಇರುವುದಿಲ್ಲ ಎಂದು ಮೊದಲೇ ಬರೆದು ಕಳುಹಿಸಬೇಕು. ಹಿಂದಿನ ಸಂಜೆಯೊಳಗೆ ಹೆಸರು ಪಟ್ಟಿ ಬಂದಿರಬೇಕು.

ಸಜ್ಜಾ ವಿಷಯದಲ್ಲಿ ದರದ ಮಾತೇ ಇಲ್ಲ. ಸಜ್ಜಾ ಇರುವುದು ಮಳೆ, ಬಿಸಿಲು ತಡೆಯಲು. ಮನುಷ್ಯ ನಿಲ್ಲಲಿ ಎಂದು ಕಟ್ಟಿದ್ದಲ್ಲ. ಮೇಲೆ ಪಾಚಿ ಕಟ್ಟಿರುತ್ತದೆ, ಹಳೆಯ ಕಟ್ಟಡಗಳಲ್ಲಿ ಒಳಗಿನ ಕಬ್ಬಿಣ ತುಕ್ಕು ಹಿಡಿದು ಕಾಂಕ್ರೀಟು ಬಿರುಕು ಬಿಟ್ಟಿರುತ್ತದೆ. ಮುನ್ನೂರು ಹೆಚ್ಚು ಕೊಟ್ಟರೂ ಇಲ್ಲ, ಮೂರು ಸಾವಿರ ಕೊಟ್ಟರೂ ಇಲ್ಲ. ಹಗ್ಗ, ಸೇಫ್ಟಿ ಬೆಲ್ಟು, ತರಬೇತಿ ಇರುವ ಸಂಸ್ಥೆಗಳ ಕೆಲಸ ಅದು. ನಾನು ಒಳಗೆ ನಿಂತು ಕೈಗೆ ಎಟುಕುವಷ್ಟು, ಉದ್ದ ಹಿಡಿಯ ವೈಪರಿಗೆ ಎಟುಕುವಷ್ಟು ಮಾತ್ರ ಮಾಡುತ್ತೇನೆ. ಸ್ಲೈಡಿಂಗ್ ಗಾಜನ್ನು ಟ್ರ್ಯಾಕಿನಿಂದ ಎತ್ತಿ ಒಳಗೆ ತೆಗೆದುಕೊಂಡು ಒರೆಸಬಹುದು, ಆದರೆ ಹೊರಗೆ ಗ್ರಿಲ್ ಇದ್ದರೆ ಮಾತ್ರ. ಗ್ರಿಲ್ ಇಲ್ಲದ ಮಹಡಿಯಲ್ಲಿ ಕೈಜಾರಿದರೆ ಆ ಗಾಜು ಬೀದಿಯಲ್ಲಿ ಹೋಗುವವರ ತಲೆಯ ಮೇಲೆ ಬೀಳುತ್ತದೆ.

ಲೆಕ್ಕ ಬರೆಯುವವರು, ಹುಬ್ಬಳ್ಳಿ

ಎತ್ತರದ ಮಾತು ಬಂದದ್ದರಿಂದ ಸೇರಿಸುತ್ತೇನೆ. ಬ್ಯಾಂಕ್ ಖಾತೆ ಇರುವ 18ರಿಂದ 70 ವರ್ಷದೊಳಗಿನ ಯಾರಾದರೂ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಗೆ ಸೇರಬಹುದು. ವರ್ಷಕ್ಕೆ ಕಂತು 20 ರೂಪಾಯಿ. ಅಪಘಾತದಲ್ಲಿ ಸಾವು ಅಥವಾ ಪೂರ್ಣ ಶಾಶ್ವತ ಅಂಗವೈಕಲ್ಯವಾದರೆ 2 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 1 ಲಕ್ಷ. ಕೈಮುರಿದು ತಿಂಗಳುಗಟ್ಟಲೆ ಕೂತರೆ ಅದರಿಂದ ಏನೂ ಬರುವುದಿಲ್ಲ, ಆಸ್ಪತ್ರೆಯ ಖರ್ಚಿಗೂ ಅಲ್ಲ. ಹಾಗಾಗಿ ದಿನದ 250 ಖರ್ಚಿನ ಜೊತೆ ಇನ್ನೊಂದು 50 ತೆಗೆದಿಡುವುದು ಒಳ್ಳೆಯದು. ಮೇಲಿನ ಲೆಕ್ಕಕ್ಕೆ ಅದನ್ನು ಸೇರಿಸಿದರೂ ಕನಿಷ್ಠ ದರ 500ರಲ್ಲೇ ನಿಲ್ಲುತ್ತದೆ: 1,500ನ್ನು ಮೂರರಿಂದ ಭಾಗಿಸಿ ನೋಡಿ.

ಯುಪಿಐನಲ್ಲಿ ಹಣ ತೆಗೆದುಕೊಂಡರೆ ತೆರಿಗೆ ನೋಟಿಸ್ ಬರುತ್ತದೆ ಎಂಬ ಹೆದರಿಕೆ, 2025ರ ಜುಲೈನಲ್ಲಿ ಅಂಥ ನೋಟಿಸ್‌ಗಳು ಬಂದ ನಂತರ, ಸಣ್ಣ ವ್ಯಾಪಾರಿಗಳಲ್ಲಿ ಉಳಿದುಕೊಂಡಿದೆ. ಕಿಟಕಿ ಶುಚಿ ಮಾಡುವುದು ಸೇವೆ. ಕರ್ನಾಟಕದಲ್ಲಿ ಸೇವೆಗಳಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ಮಾತ್ರ ಜಿಎಸ್‌ಟಿ ನೋಂದಣಿ ಬೇಕು. ದಿನಕ್ಕೆ 1,500 ದುಡಿಯುವವರು ವರ್ಷವಿಡೀ ದುಡಿದರೂ ಆ ಮಿತಿಯ ಮೂರನೆಯ ಒಂದು ಭಾಗವನ್ನೂ ಮುಟ್ಟುವುದಿಲ್ಲ. ಧೈರ್ಯವಾಗಿ ಕ್ಯೂಆರ್ ಕೋಡ್ ಇಟ್ಟುಕೊಳ್ಳಿ. ಮನೆಯವರು ಕೊಟ್ಟ ಕೈಸಾಲ, ನೆಂಟರು ಹಾಕಿದ ಹಣ ಎಲ್ಲ ಒಂದೇ ಖಾತೆಗೆ ಬರದಂತೆ ಕೆಲಸಕ್ಕೆ ಬೇರೆ ಖಾತೆ ಇದ್ದರೆ ಲೆಕ್ಕ ಸ್ಪಷ್ಟವಾಗಿರುತ್ತದೆ.

ವಿಜಯನಗರದ ಹೊಸಬ

ಎಲ್ಲರ ಮಾತು ಕೂಡಿಸಿ ಒಂದು ಸಂದೇಶ ಬರೆದಿದ್ದೇನೆ, ಗಿರಾಕಿಗಳಿಗೆ ಇದನ್ನೇ ಕಳುಹಿಸುತ್ತೇನೆ. ಸರಿಯಿದೆಯೇ ನೋಡಿ.

"ನಮಸ್ಕಾರ. ಕನಿಷ್ಠ ದರ 500 ರೂಪಾಯಿ, ಇದರಲ್ಲಿ ಐದು ಸ್ಲೈಡಿಂಗ್ ಕಿಟಕಿಗಳು ಸೇರುತ್ತವೆ. ಗಾಜಿನ ಎರಡು ಬದಿ, ಜಾಲರಿ, ಗ್ರಿಲ್‌ನ ಒಳಮುಖ, ಟ್ರ್ಯಾಕಿನ ಸಾಮಾನ್ಯ ದೂಳು ಎಲ್ಲವೂ ಇದರೊಳಗೆ. ನಂತರದ ಪ್ರತಿ ಕಿಟಕಿಗೆ 100. ಗಟ್ಟಿ ಮಣ್ಣಿನ ಟ್ರ್ಯಾಕಿಗೆ ಮತ್ತು ಬಿಳಿ ಕಲೆಗೆ ಬೇರೆ ದರ, ನೋಡಿ ಮೊದಲೇ ಹೇಳುತ್ತೇನೆ. ಒಂದೇ ಕಟ್ಟಡದಲ್ಲಿ ಐದು ಮನೆ ಸೇರಿದರೆ ನಾಲ್ಕು ಕಿಟಕಿಯವರೆಗೆ ಮನೆಗೆ 350. ಕಿಟಕಿಯಿಂದ ಹೊರಗೆ ಇಳಿಯುವುದಿಲ್ಲ. ದಯವಿಟ್ಟು ಪ್ರತಿ ಕಿಟಕಿಯ ಎರಡು ಫೋಟೋ ಕಳುಹಿಸಿ."

ಹಬ್ಬದ ಸಮಯದಲ್ಲಿ ಏನು ಮಾಡುವುದು? ಆಯುಧಪೂಜೆ, ದೀಪಾವಳಿಗೆ ಎಲ್ಲರೂ ಒಟ್ಟಿಗೇ ಕರೆಯುತ್ತಾರೆ.

ಇಬ್ಬರು ಅಕ್ಕಂದಿರು, ಯಶವಂತಪುರ

ಚೆನ್ನಾಗಿದೆ ತಮ್ಮಾ. ಹಬ್ಬಕ್ಕೆ ನಾವು ಹಳೆಯ ಗಿರಾಕಿಗಳಿಗೆ ಒಂದು ರೂಪಾಯಿಯೂ ಹೆಚ್ಚಿಸುವುದಿಲ್ಲ, ಅವರ ದಿನಗಳನ್ನು ಮೊದಲು ಕಾದಿರಿಸುತ್ತೇವೆ. ಹೊಸಬರಿಗೆ ಹಬ್ಬದ ಹಿಂದಿನ ವಾರ 200 ಹೆಚ್ಚು, ಅದನ್ನು ಫೋನಿನಲ್ಲೇ ಹೇಳುತ್ತೇವೆ. ಹಬ್ಬಕ್ಕೆ ಮೂರು ವಾರ ಮುಂಚೆ ಕರೆದರೆ ಮಾಮೂಲು ದರ ಎಂದೂ ಹೇಳುತ್ತೇವೆ, ಬಹಳ ಜನ ಅದಕ್ಕೇ ಒಪ್ಪುತ್ತಾರೆ.

ನಿವೃತ್ತ ಎಂಜಿನಿಯರ್, ಮೈಸೂರು

ಲೂವರ್ ಲೆಕ್ಕವನ್ನು ನಮ್ಮ ಮನೆಯಲ್ಲೇ ಗಡಿಯಾರ ಹಿಡಿದು ಪರೀಕ್ಷಿಸಿದೆ. ಏಣಿ ಮತ್ತು ಬಕೆಟ್ ಅವರು ಹೇಳಿದ್ದು ನಿಜ, ಚದರ ಅಡಿ ಇಲ್ಲಿ ಕೆಲಸಕ್ಕೆ ಬಾರದು. ಹಾಗಿದ್ದರೆ ಹೊಸಬರ ಸಂದೇಶದಲ್ಲಿ ಲೂವರ್ ಬಗ್ಗೆ, ಮರದ ಕಿಟಕಿಯ ಬಗ್ಗೆ ಏನೂ ಇಲ್ಲವಲ್ಲ?

ಏಣಿ ಮತ್ತು ಬಕೆಟ್

ಸರಿಯಾಗಿ ಹಿಡಿದಿರಿ ಸರ್. ಆರು ಪಟ್ಟಿಯ ಲೂವರ್‌ಗೆ 150, ಸಣ್ಣ ಗಾಜುಗಳ ಮರದ ಕಿಟಕಿಗೆ ಜೋಡಿ ರೆಕ್ಕೆಗೆ 150 ಎಂದು ಸೇರಿಸು ತಮ್ಮಾ. 500ರ ಒಳಗಿನ ಐದರಲ್ಲಿ ಇವನ್ನು ಎಣಿಸುವುದಾದರೆ ಒಂದನ್ನು ಒಂದೂವರೆ ಎಂದು ಹಿಡಿ.

ಇನ್ನೆರಡು ಸಾಲು ಬಿಟ್ಟುಹೋಗಿವೆ. ಬಂದ ಮೇಲೆ ಬೇಡ ಎಂದರೆ 200 ಕೊಡಬೇಕು ಎಂದು ಬರೆ, ಅದು ಹೋಗಿ ಬಂದ ಖರ್ಚು. ಪಶ್ಚಿಮದ ಕಿಟಕಿಗಳಿದ್ದರೆ ಬೆಳಿಗ್ಗೆಯೇ ಬರುತ್ತೇನೆ ಎಂದೂ ಬರೆ. ಸುಡುವ ಬಿಸಿಲು ಬಿದ್ದ ಗಾಜಿನ ಮೇಲೆ ಸೋಪುನೀರು ವೈಪರ್ ಎಳೆಯುವ ಮೊದಲೇ ಒಣಗಿ ಗೆರೆ ಉಳಿಯುತ್ತದೆ, ಎರಡೆರಡು ಸಲ ಒರೆಸಬೇಕಾಗುತ್ತದೆ.

ವಿಜಯನಗರದ ಹೊಸಬ

ಸೇರಿಸಿದೆ ಅಣ್ಣಾ. ಒಂದೇ ಪ್ರಶ್ನೆ ಉಳಿದಿದೆ. ಕೆಲಸ ಮುಗಿಯುವ ಹೊತ್ತಿಗೆ "ಹಾಗೇ ಈ ಫ್ಯಾನೂ ಒರೆಸಿಬಿಡಿ, ಆ ಕನ್ನಡಿಯೂ" ಎನ್ನುತ್ತಾರೆ. ಬೇಡ ಎನ್ನಲು ಬಾಯಿ ಬರುವುದಿಲ್ಲ.

ಇಬ್ಬರು ಅಕ್ಕಂದಿರು, ಯಶವಂತಪುರ

ಕನ್ನಡಿ ಒರೆಸಿಕೊಡು, ಎರಡು ನಿಮಿಷದ ಕೆಲಸ, ಸಂತೋಷವಾಗಿ ಮಾಡು. ಫ್ಯಾನಿಗೆ ಏಣಿ ಬೇಕು, ಕೆಳಗೆ ಹಾಸಿಗೆ ಮುಚ್ಚಬೇಕು, ಆಮೇಲೆ ನೆಲ ಗುಡಿಸಬೇಕು. "ಫ್ಯಾನಿಗೆ 80 ಆಗುತ್ತದೆ ಅಮ್ಮ, ಮಾಡಲೇ?" ಎಂದು ಅಲ್ಲೇ ಕೇಳು. ಮಾಡಿ ಎಂದರೆ ಮಾಡು.

ಜಯನಗರ ನಿವಾಸಿ

ನಮ್ಮ ಮನೆಯಲ್ಲಿ ಆರು ಫ್ಯಾನುಗಳಿವೆ. ಕಿಟಕಿಯ ಜೊತೆ ಅದೇ ದಿನ ಮಾಡಿದರೆ ಒಂದಕ್ಕೆ 60 ಆಗುತ್ತದೆಯೇ?

ಇಬ್ಬರು ಅಕ್ಕಂದಿರು, ಯಶವಂತಪುರ

ಆಗುತ್ತದೆ ಮೇಡಂ. ಏಣಿ ಹೇಗೂ ತಂದಿರುತ್ತೇವೆ. ಹಾಸಿಗೆಗಳನ್ನು ನೀವೇ ಮೊದಲು ಮುಚ್ಚಿಟ್ಟಿರಿ.